ಪೋಲೆಂಡಿನ ಕಾಗೆ

ನನ್ನ ಮಗನ ಪಿಂಡವನ್ನು ಅಮೆರಿಕದ ಕಾಗೆ ಮುಟ್ಟಲಿಲ್ಲ. ಏಪೆಕ್ಸ್ ಊರಿನ ನಮ್ಮ ಮನೆಯ ಹಿಂದೆ ಹುಲ್ಲಿನ ಮೇಲೆ ಎಲೆ ಹಾಸಿ, ಮಾರಿಸ್‌ವಿಲ್ ದೇವಸ್ಥಾನದ ಪುರೋಹಿತರು ಹೇಳಿಕೊಟ್ಟ ಹಾಗೆ ನಮ್ಮ ಯಜಮಾನರು ಅನ್ನದ ಉಂಡೆ ಇಟ್ಟು ಕೈಮುಗಿದರು. ಬೇಲಿಯ ಮೇಲೆ ದಪ್ಪ ದಪ್ಪ ಕಾಗೆಗಳು ಕೂತಿದ್ದವು. ದಿನಾ ನಮ್ಮ ಕಸದ ಚೀಲ ಹರಿದು ಪಿಜ್ಜಾ ತಿನ್ನುವಂಥವು, ಅವತ್ತು ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ನೀಲ್‌ಗೆ ಇಪ್ಪತ್ತೆರಡು. ಕಾಲೇಜು ಮುಗಿಸಿ ಮನೆಗೆ ಬಂದ ವಾರವೇ, ೧೯೯೬ರ ಜೂನ್‌ನಲ್ಲಿ, ಮಳೆಯಲ್ಲಿ ಹೈವೇ ಮೇಲೆ ಅವನ ಕಾರು ಜಾರಿತು. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಕೈಲಾಗುವುದಿಲ್ಲ.

ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದನ್ನು ನಡೆಸಿಕೊಡುತ್ತೇವೆಂದು ಯಾರಾದರೂ ಬಾಯಿಬಿಟ್ಟು ಹೇಳಬೇಕು. ನಮ್ಮ ಸ್ನೇಹಿತರಾದ ತ್ಯಾಗರಾಜ, ನೀಲ್ ಹೆಸರಲ್ಲಿ ಸ್ಕಾಲರ್‌ಶಿಪ್ ಇಡೋಣ ಎಂದರು. ಕಾಗೆ ಕದಲಲಿಲ್ಲ. ಕೊನೆಗೆ ನನ್ನ ಗಂಡ, ಇಂಥದ್ದನ್ನೆಲ್ಲ ಅಡಗೂಲಜ್ಜಿ ಕಥೆ ಎನ್ನುತ್ತಿದ್ದ ಕಣ್ಣಿನ ಡಾಕ್ಟರ್ ಸೂರ್ಯನಾರಾಯಣ, ಒದ್ದೆ ಪಂಚೆಯಲ್ಲಿ ನಿಂತು ಬೇಲಿಯ ಕಡೆ ನೋಡಿ ಹೇಳಿದರು:

"ಪೋಲೆಂಡ್‌ಗೆ ನಾವು ಹೋಗ್ತೀವಿ ಕಣೋ."

ಆಗಲೂ ಅವು ಬರಲಿಲ್ಲ. ಪುರೋಹಿತರು ದರ್ಭೆಯಲ್ಲೇ ಒಂದು ಕಾಗೆ ಮಾಡಿ, ಪಿಂಡಕ್ಕೆ ಮುಟ್ಟಿಸಿ ಶಾಸ್ತ್ರ ಮುಗಿಸಿದರು. ಆದರೆ ಮಾತು ಕೊಟ್ಟಾಗಿತ್ತು.

ಪೋಲೆಂಡ್ ನೀಲ್‌ನ ಹುಚ್ಚು. ಅವನ ರೂಮ್‌ಮೇಟ್‌ನ ಅಜ್ಜಿಯ ಊರು ಅಲ್ಲೆಲ್ಲೋ ಇತ್ತು. ಇಂಡಿಯಾಗೆ ಕರೆದರೆ ಸೊಳ್ಳೆ ಎನ್ನುತ್ತಿದ್ದವನು ಅಲ್ಲಿ ಸೈಕಲ್ ತುಳಿದು, ಸಂಜೆಯಾದಲ್ಲಿ ಟೆಂಟ್ ಹಾಕಿ ಮಲಗುತ್ತೇನೆಂದು ಕುಣಿಯುತ್ತಿದ್ದ. ಸೈಕಲ್ಲು, ಟೆಂಟು, ಕೆಂಪು ಗೆರೆ ಎಳೆದ ಮ್ಯಾಪು ಎಲ್ಲ ಗರಾಜಿನಲ್ಲಿ ಹಾಗೇ ಉಳಿದಿದ್ದವು.

ಇವರು ಹುಡುಗರಾಗಿದ್ದಾಗ ಮೈಸೂರಿನಲ್ಲಿ ಸೈಕಲ್ ಮೇಲೇ ಬದುಕಿದವರು. ನಾನೋ, ಪೆಡಲ್ ಮೇಲೆ ಕಾಲಿಟ್ಟವಳೇ ಅಲ್ಲ. ಹತ್ತಿರದ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಇವರು ಸೀಟು ಹಿಡಿದುಕೊಂಡು ಹಿಂದೆ ಓಡುವುದು, ನಾನು ಬಿದ್ದು ಬೈಯುವುದು. ಐವತ್ತು ದಾಟಿದ ಹೆಂಗಸಿಗೆ ಇದೆಲ್ಲ ಬೇಕಿತ್ತಾ ಎಂದು ಆಂಟಿಯರೆಲ್ಲ ಮಾತಾಡಿಕೊಂಡರಂತೆ. ಆಡಿಕೊಳ್ಳಲಿ. ಅವರ ಮಕ್ಕಳಿಗೆ ಆಯುಷ್ಯ ಗಟ್ಟಿಯಿರಲಿ.

ಮುಂದಿನ ಜೂನ್‌ನಲ್ಲಿ ಹೊರಟೆವು. ವರ್ಷದ ತಿಥಿ ಅಲ್ಲೇ ಬರಲಿ ಎಂದು ಇವರ ಲೆಕ್ಕ. ಮರಳಿನ ದಾರಿ, ಎರಡೂ ಕಡೆ ಆಳೆತ್ತರದ ಪೈರು, ಕರೆಂಟ್ ಕಂಬದ ತುದಿಯಲ್ಲಿ ಕೊಕ್ಕರೆಯ ಗೂಡು. ನನ್ನ ತೊಡೆ ಕಲ್ಲಾಗಿತ್ತು. ಒಂದು ಹಳ್ಳಿಯಲ್ಲಿ ರೈತ ಹೆಂಗಸೊಬ್ಬಳು ಹಾಲು ಕೊಟ್ಟು, ಸೊಂಟದ ಎತ್ತರಕ್ಕೆ ಕೈ ತೋರಿಸಿ ಮಕ್ಕಳೆಷ್ಟು ಎಂದು ಸನ್ನೆಯಲ್ಲಿ ಕೇಳಿದಳು. ನಾನು ಒಂದು ಬೆರಳು ಎತ್ತಿದೆ. ಇವರು ಆ ಕಡೆ ಮುಖ ಮಾಡಿಕೊಂಡು ಸೈಕಲ್ ಚೈನು ನೋಡತೊಡಗಿದರು.

ತಿಥಿಯ ದಿನ ನಮ್ಮ ಟೆಂಟು ಕಾಡಿನ ಅಂಚಿನಲ್ಲಿತ್ತು. ಬೆಳಿಗ್ಗೆ ಹೊಳೆಯಲ್ಲಿ ಮುಳುಗೆದ್ದು, ಚಿಕ್ಕ ಸ್ಟವ್ ಮೇಲೆ ಅನ್ನ ಮಾಡಿ, ಏಪೆಕ್ಸ್‌ನಿಂದ ತಂದ ಎಳ್ಳು ಕಲಸಿ ಇವರು ಪಿಂಡ ಇಟ್ಟರು. ಬಾಯಿಗೆ ಬಂದಷ್ಟು ಮಂತ್ರ ಹೇಳಿ ಹಿಂದೆ ಸರಿದರು. ಸರಿದರೋ ಇಲ್ಲವೋ, ಮರದಿಂದ ಒಂದು ಕಾಗೆ ಇಳಿಯಿತು. ಅಮೆರಿಕದ ಕಾಗೆಯ ಹಾಗೆ ಪೂರ್ತಿ ಕಪ್ಪಲ್ಲ, ಕತ್ತಿಗೆ ಬೂದು ಬಣ್ಣ, ಥೇಟ್ ಮೈಸೂರಿನ ಕಾಗೆ. ನೇರ ಬಂದು ಅನ್ನಕ್ಕೆ ಬಾಯಿ ಹಾಕಿತು.

ಇವರು ಎರಡೂ ಕೈ ಮುಗಿದು ಅಳುತ್ತಾ ನಗುತ್ತಿದ್ದರು. ನನಗೆ ಏನಾಯಿತೋ, ಸೌಟು ಹಿಡಿದು ಓಡಿದೆ. ಹುಷ್ ಹುಷ್ ಎಂದು ಅಟ್ಟಿದೆ. ಹಾಳಾದ್ದು, ಮರಕ್ಕೆ ಹಾರಿ ಮತ್ತೆ ಬಂತು. ಇವರು ನನ್ನ ಕೈ ಹಿಡಿದುಕೊಂಡರು.

"ಏನ್ ಮಾಡ್ತಿದೀಯ ರತ್ನಾ? ಇದಕ್ಕೇ ತಾನೇ ಬಂದಿದ್ದು?"

"ಅದು ತಿಂದ್ಬಿಟ್ರೆ ಅವನಿಗೆ ಇನ್ನೇನೂ ಬೇಡ ಅಂತ ಅಲ್ವೇನ್ರೀ? ಆಮೇಲೆ ನಾನು ಅವನಿಗೆ ಏನ್ ಮಾಡ್ಕೊಡ್ಲಿ?"

ಇವರು ನನ್ನ ಕೈಯಿಂದ ಸೌಟು ಬಿಡಿಸಿಕೊಂಡರು. ನಾವು ನೋಡುತ್ತಿದ್ದಂತೆಯೇ ಕಾಗೆ ಕೊನೆಯ ಅಗುಳಿನವರೆಗೆ ತಿಂದು ಹೋಯಿತು. ನಾನು ಹುಲ್ಲಿನಲ್ಲಿ ಕುಸಿದು, ಒಂದು ವರ್ಷದಿಂದ ಜನರೆದುರು ಅಳದಿದ್ದುದನ್ನೆಲ್ಲ ಅತ್ತೆ. ಬಹಳ ಹೊತ್ತಿನ ಮೇಲೆ ಇವರು ಮ್ಯಾಪು ತಂದು ನನ್ನ ತೊಡೆಯ ಮೇಲೆ ಹರಡಿ, ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

"ಅವನು ಹಾಕಿದ ರೂಟು ಇನ್ನೂ ಅರ್ಧ ಇದೆ. ಏಳು, ಟೆಂಟ್ ಮಡಿಸೋಣ."

ಮಡಿಸಿದೆವು. ಅವತ್ತು ನಾನು ಎಷ್ಟು ನಿಧಾನ ತುಳಿದೆನೆಂದರೆ ಹುಲ್ಲಿನ ಗಾಡಿಯವನೂ ನಮ್ಮನ್ನು ದಾಟಿಕೊಂಡು ಹೋದ. ಬೇಗ ಬಾ ಎಂದು ಇವರು ಒಂದು ಸಲವೂ ಅನ್ನಲಿಲ್ಲ.