ಎಲೆಬಳ್ಳಿಗೆ ನೀರು

ಚಿಕ್ಕಬೋರಮ್ಮ ಕುಳ್ಳಮ್ಮನ ಹೆಣದ ಕಾಲು ಮುಟ್ಟಲು ಬಗ್ಗಿದ್ದಳಷ್ಟೆ, ಸತ್ತವಳ ಸೊಸೆ ರಂಜಿತ ಹಿಂದಿನಿಂದ ಓಡಿಬಂದು ತಡೆದಳು.

"ಮುಟ್ಬ್ಯಾಡಿ ಬೋರತ್ತೆ. ಒಸಿ ಇತ್ಲಿಗೆ ಬನ್ನಿ."

ಚಿಕ್ಕಬೋರಮ್ಮ ಬಗ್ಗಿದ ಬೆನ್ನು ಎತ್ತಿದಳು. ಅರಕೆರೆಯಲ್ಲಿ ಇಬ್ಬರದೂ ಗೋಡೆಗೆ ಗೋಡೆ ಅಂಟಿದ ಮನೆಗಳು. ಆದರೂ ಅವಳಿಗೂ ಕುಳ್ಳಮ್ಮನಿಗೂ ಹನ್ನೆರಡು ವರ್ಷ ಮಾತಿರಲಿಲ್ಲ. ಕಾಲು ಹಿಡಿದು ತಪ್ಪಾಯ್ತು ಅನ್ನಲು ಇವತ್ತಾದರೂ ಬಿಡಬಾರದೇ ಎಂದು ಗೊಣಗುತ್ತಲೇ ರಂಜಿತಳ ಹಿಂದೆ ನಡೆದಳು.

ಹಿತ್ತಲಲ್ಲಿ ಕುಳ್ಳಮ್ಮ ಹಿಡಿದಿದ್ದ ಕೆಲಸವೆಲ್ಲ ಅರ್ಧಕ್ಕೆ ನಿಂತಿತ್ತು. ಚಳಿ ಶಿವಶಿವಾ ಎಂದು ಹೋದ ಮಾರನೇ ದಿನವೇ ಮುದುಕಿ ಟೊಂಕ ಕಟ್ಟಿದ್ದಳು. ಬದನೆ ಪಾತಿಗೆ ಗೊಬ್ಬರ ಬೆರೆಸಿ, ಹೀರೆ ಬೀಜ ಊರಿ, ಸಂತೆಬಾಚಹಳ್ಳಿಯಿಂದ ತರಿಸಿದ ವೀಳ್ಯದೆಲೆ ಬಳ್ಳಿಯ ಏಳು ಕಡ್ಡಿಗಳನ್ನು ನುಗ್ಗೆಮರದ ಬುಡಕ್ಕೆ ನೆಟ್ಟಿದ್ದಳು. ನಿನ್ನೆ ಸಂಜೆಯೂ ಇನ್ನೂ ಚಿಗುರಲಿಲ್ಲವಲ್ಲ ಎನ್ನುತ್ತ ನೀರು ಹೊತ್ತವಳು ಬೆಳಗ್ಗೆ ಏಳಲೇ ಇಲ್ಲ.

ರಂಜಿತ ಪಾತಿಯಿಂದ ಮಾರು ದೂರವೇ ನಿಂತಳು. "ಸೂತ್ಕದಲ್ಲಿ ನಾವ್ಯಾರೂ ಎಲೆಬಳ್ಳಿ ತಾವ ವೋಗಂಗಿಲ್ಲ, ವೋದ್ರೆ ಒಣಗೋಯ್ತದೆ. ಅನ್ನೊಂದು ದಿನ ನೀರಿಲ್ದೆ ಉಳೀತದಾ? ಊರೋರೆಲ್ಲ ಆಗ್ಲೇ ಅತ್ತೆನ ಮುಟ್ಟವ್ರೆ. ನೀವು ಬೇರೆ ಒಕ್ಲು, ನಿಮ್ಗೆ ಸೂತ್ಕ ಇಲ್ಲ, ಇನ್ನೂ ಮುಟ್ಟಿಲ್ಲ. ತಲೆಗೆ ನೀರಾಕಂಡು ಬಂದು ನೀವೇ ಉಯ್ಯಿ."

"ಮಣ್ಣು ಮಾಡಿ ಬಂದ್ಮ್ಯಾಕೆ ಉಯ್ತೀನಿ ತಕೊ."

"ಆಗಾಕಿಲ್ಲ. ಬಳ್ಳಿ ನೋಡ್ಕಳೋರು ತಿಥಿ ಆಗಗಂಟ ಸತ್ತೋರ್ನ ಮುಟ್ಟಂಗಿಲ್ಲ, ಮಸಾಣಕ್ಕೂ ವೋಗಂಗಿಲ್ಲ. ಅತ್ತೆ ಮಾಡಿದ ಕಟ್ಟು ಅದು."

ಸತ್ತ ಮೇಲೂ ಇವಳ ಕಟ್ಟು ತಪ್ಪಲಿಲ್ಲವಲ್ಲ ಎಂದು ಚಿಕ್ಕಬೋರಮ್ಮನಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಅಳುವೂ ಬಂತು.

* * *

ಹನ್ನೆರಡು ವರ್ಷದ ಹಿಂದೆ ಇದೇ ನುಗ್ಗೆಗೆ ಹಬ್ಬಿದ್ದ ಬಳ್ಳಿ ಒಣಗಿದಾಗ ಕುಳ್ಳಮ್ಮ ಗೋಡೆಯ ಮೇಲಿಂದ ಕೇಳಿದ್ದಳು.

"ಶೀಳನೆರೇಲಿ ಸಾವಿಗೋಗಿ ಬಂದು, ಮೈ ತೊಳ್ಕಳ್ದೆ ಎಲೆ ಕಿತ್ತೇನಮ್ಮಿ?"

"ದೇವ್ರಾಣೆ ಕಿತ್ತಿಲ್ಲ."

"ಅಂಗಾರೆ ಬಳ್ಳಿ ಮುಟ್ಟಿ ಆಣೆ ಮಾಡು."

ಒಣಗಿದ ಬಳ್ಳಿಯಾದರೂ ಮುಟ್ಟಲು ಚಿಕ್ಕಬೋರಮ್ಮನಿಗೆ ಕೈ ಬರಲಿಲ್ಲ. ಬಾಯಿ ಚಪಲಕ್ಕೆ ಕಿತ್ತದ್ದು ನಾಲ್ಕೇ ಎಲೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವಳ ಹಾಗೆ ಬೆದರಿ, ಬಾಯಿಗೆ ಬಂದಂತೆ ಬೈದು ಒಳಗೆ ಹೋಗಿದ್ದಳು.

* * *

"ರಂಜಿತಾ, ಅವತ್ತು ಬಳ್ಳಿ ಕೆಡಿಸ್ದೋಳು ನಾನೇ ಕಣವ್ವ."

"ಅದ್ಕೆ ತಿಥಿ ಆದ್ಮ್ಯಾಕೆ ಜಗಳಾಡುವ. ಈಗ ನೀರಾಕಿ, ಬಿಸ್ಲು ಏರ್ತಾ ಅದೆ."

ಚಿಕ್ಕಬೋರಮ್ಮ ಮಿಂದು, ಒದ್ದೆ ಸೀರೆಯಲ್ಲೇ ಪಾತಿಗೆ ಇಳಿದು, ಕಡ್ಡಿಗಳಿಗೆ ನೆರಳಾಗಿ ಮುಚ್ಚಿದ್ದ ತೆಂಗಿನ ಗರಿ ಎತ್ತಿದಳು. ಮೊದಲ ಕಡ್ಡಿ ಕಪ್ಪಾಗಿತ್ತು. ಎರಡನೆಯದು ಕೊಳೆತಿತ್ತು. ನನ್ನ ಪಾಪ ಇನ್ನೂ ಬಿಟ್ಟಿಲ್ಲ ಎಂದುಕೊಳ್ಳುತ್ತ ಮೂರನೆಯದನ್ನು ನೋಡಿದರೆ, ಗಿಣ್ಣಿನಲ್ಲಿ ಗಿಣಿಮೂಗಿನಷ್ಟು ಚಿಗುರು. ನಾಲ್ಕನೆಯದರಲ್ಲೂ ಇತ್ತು. ಐದು, ಆರು, ಏಳು. ಹೆಣವಿರುವ ಮನೆ, ನಗಬಾರದು. ಆದರೂ ನಗು ತಡೆಯಲಾಗಲಿಲ್ಲ. ಚೊಂಬು ವಾಲಿ ಅರ್ಧ ನೀರು ಸೀರೆಯ ಮೇಲೇ ಚೆಲ್ಲಿತು, ಉಳಿದದ್ದನ್ನು ಕಡ್ಡಿಗಳಿಗೆ ಹೊಯ್ದಳು. ಪಕ್ಕದಲ್ಲಿ ಹೀರೆ ಬೀಜಗಳೂ ಮಣ್ಣು ಸೀಳಿ ತಲೆ ಎತ್ತಿದ್ದವು. ಇಷ್ಟು ಸಂತೋಷವನ್ನು ಒಬ್ಬಳೇ ಏನು ಮಾಡುವುದೆಂದು ತಿಳಿಯದೆ, ಮನೆಗೂ ಹೋಗದೆ, ಬದನೆ ಪಾತಿಯ ಕಳೆ ಕೀಳುತ್ತ ಕೂತಳು.

ಸಂಜೆ ನಾಲ್ಕಕ್ಕೆ ತಮಟೆ ಎದ್ದಿತು. ಕುಳ್ಳಮ್ಮನ ಮಗ ಕೃಷ್ಣ ಬೆಂಕಿ ಮಡಕೆ ಹಿಡಿದು ಮುಂದೆ, ಹಿಂದೆ ಚಟ್ಟ, ಅದರ ಪಕ್ಕ ಅವಳ ಗಂಡ ಮರಿಯಯ್ಯ. ಹಿತ್ತಲ ಬೇಲಿಯ ಪಕ್ಕದ ಓಣಿಯಲ್ಲೇ ದಾರಿ. ಜೊತೆಗೆ ಹೋಗುವಂತಿಲ್ಲ. ಚಿಕ್ಕಬೋರಮ್ಮ ಎದ್ದು ನಿಂತು ಕೂಗಿದಳು.

"ಕುಳ್ಳೀ, ತಪ್ಪಾಯ್ತು ಕಣಮ್ಮಿ. ಐದು ಚಿಗುರವೆ ಕಣಮ್ಮಿ, ಐದು."

ತಮಟೆ ತಾನಾಗಿ ನಿಂತಿತು. ಮರಿಯಯ್ಯ ಹೊತ್ತವರ ಕಡೆ ಕೈ ಮಾಡಿದ.

"ಒಸಿ ತಡೀರ್ಲಾ. ಅವ್ಳ ಮಕ ಈ ಕಡೀಕ್ ತಿರುಗ್ಸಿ."

ಇಕ್ಕಟ್ಟಾದ ಓಣಿಯಲ್ಲಿ ಚಟ್ಟ ಮೆಲ್ಲಗೆ ಅಡ್ಡ ತಿರುಗಿತು. ಚಿಕ್ಕಬೋರಮ್ಮ ಮಣ್ಣುಗೈಯಲ್ಲಿ ಚಿಗುರಿನ ಮೇಲಿನ ತೆಂಗಿನ ಗರಿಯನ್ನು ಪೂರ್ತಿ ಮೇಲಕ್ಕೆತ್ತಿ ಹಿಡಿದು ನಿಂತಳು.