ಅಂಬುಜಾಕ್ಷಿಗೆ ಗಿಟಾರ್ ಕೊಡಿಸುವ ಕಷ್ಟ

೧

ಕಾಶಿಯ ಕಥೆಯನ್ನು ಎಲ್ಲಿಂದ ಶುರುಮಾಡಬೇಕು? ಗೊತ್ತಿಲ್ಲ. ಎಲ್ಲಿಂದ ಶುರುಮಾಡಬಾರದು ಎಂಬುದು ಗೊತ್ತು: ಗಂಗೆಯಿಂದ. ಮಣಿಕರ್ಣಿಕೆಯ ಹೊಗೆಯಿಂದಲೂ ಬೇಡ. ಹಾಗೆ ಶುರುಮಾಡಿದರೆ ಎರಡನೇ ಸಾಲಿಗೇ ನೀವು ಮುಖ ಗಂಭೀರ ಮಾಡಿಕೊಂಡು ಮೋಕ್ಷಕ್ಕೆ ತಯಾರಾಗಿ ಕೂರುತ್ತೀರಿ. ಆಮೇಲೆ ನಾನು ಗಿಟಾರ್ ಎಂದರೆ ನಿಮಗೆ ಮೋಸವಾದಂತೆ ಅನಿಸುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಅಂಬುಜಾಕ್ಷಿಗೆ ಒಂದು ಗಿಟಾರ್ ಬೇಕು. ಆಕೆಗೆ ಐವತ್ತು ದಾಟಿದೆ, ಬಾರಿಸಲು ಬರುವುದಿಲ್ಲ, ಕಲಿಯಬೇಕೆಂದಿದ್ದಾಳೆ. ಹೊಸದಾಗಿ ಕಲಿಯುವವರಿಗೆ ತಕ್ಕ, ಕೈಗೆಟುಕುವ ಬೆಲೆಯ ಒಂದನ್ನು ಅಂಗಡಿಗೆ ಹೋಗಿ ತಾನೇ ಆರಿಸಿಕೊಳ್ಳಬೇಕೆಂದಿದ್ದಾಳೆ.

(ಇಷ್ಟೇ ಕಥೆ. ಗ್ಯಾಸಿನ ಮೇಲೆ ಹಾಲಿಟ್ಟು ಬಂದವರು ಎದ್ದು ಹೋಗಬಹುದು.)

೨

ಆಕೆಯ ಗಂಡ ಶ್ರೀನಿವಾಸಾಚಾರ್ಯರು, ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡದಾನ, ಅಸ್ಥಿವಿಸರ್ಜನೆ ಮಾಡಿಸುವ ಪುರೋಹಿತರು. ಅಜ್ಜನ ಕಾಲಕ್ಕೆ ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಮನೆತನ. ಅಂಬುಜಾಕ್ಷಿ ಮಡಿಯುಟ್ಟು ಶ್ರಾದ್ಧದ ಅಡುಗೆ ಮಾಡುತ್ತಾಳೆ. ಯಾತ್ರಿಕರು ಸತ್ತವರ ಹೆಸರಿನಲ್ಲಿ ಇವರಿಗೆ ದಾನ ಕೊಡುತ್ತಾರೆ: ಕೊಡೆ, ಚಪ್ಪಲಿ, ಹಾಸಿಗೆ, ತಂಬಿಗೆ. ಸತ್ತವರಿಗೆ ಪ್ರಿಯವಾದದ್ದನ್ನು ಕೊಟ್ಟರೆ ಅದು ಅವರಿಗೇ ಮುಟ್ಟುತ್ತದೆ ಎಂಬ ನಂಬಿಕೆಯಿಂದ ಟೇಬಲ್ ಫ್ಯಾನು, ರೇಡಿಯೋ, ಒಮ್ಮೆ ಕೇರಂ ಬೋರ್ಡು ಕೂಡ ಬಂದಿತ್ತು.

ಹೀಗಾಗಿ ಆ ಮನೆಯಲ್ಲಿ ಸಾಮಾನು ಕೊಳ್ಳುವ ರೂಢಿಯೇ ಇಲ್ಲ. ಏನಾದರೂ ಬೇಕೆನಿಸಿದರೆ ಕಾಯುತ್ತಾರೆ, ಬರುತ್ತದೆ. ಮಿಕ್ಸಿ ಬೇಕೆಂದು ಕಾದರು, ಹುಬ್ಬಳ್ಳಿಯ ಒಬ್ಬ ಅಜ್ಜಿಯ ಹೆಸರಿನಲ್ಲಿ ಮಿಕ್ಸಿ ಬಂತು. ಅಜ್ಜಿಗೆ ಚಟ್ನಿ ಇಷ್ಟವಿತ್ತಂತೆ.

ಅಂಬುಜಾಕ್ಷಿ ಗಿಟಾರಿನ ಮಾತೆತ್ತಿದಾಗ ಆಚಾರ್ಯರು ಬೈಯಲಿಲ್ಲ. (ಬೈಯುವ ಗಂಡನನ್ನು ಬರೆಯುವುದು ಸುಲಭವಿತ್ತು. ಆದರೆ ಇವರು ಒಳ್ಳೆಯ ಮನುಷ್ಯರು, ಏನು ಮಾಡಲಿ?)

“ಬ್ಯಾಡ ಅನ್ನೂದಿಲ್ಲ ನಾ. ಆದ್ರ ಖರೀದಿ ಯಾಕ? ತಡಿ, ಬರ್ತದ,” ಎಂದರು.

“ಏನ್ರಿ, ಗಿಟಾರ್ ಬಾರಸೋರು ಯಾರರ ಸಾಯಲಿ ಅಂತ ಕಾಯ್ಕೋತ ಕೂಡ್ಲೇನು?”

ಆಚಾರ್ಯರು ಆ ದಿಕ್ಕಿನಿಂದ ಯಾವತ್ತೂ ಯೋಚಿಸಿರಲಿಲ್ಲ. “ಹಂಗಲ್ಲ...” ಎಂದು ಶುರುಮಾಡಿ ಸಂಧ್ಯಾವಂದನೆಗೆ ಎದ್ದು ಹೋದರು.

೩

ಇಲ್ಲೊಂದು ಕಾರಣ ಬೇಕು. ಸಂಪಾದಕರು ಕೇಳುತ್ತಾರೆ, ನೀವೂ ಕೇಳುತ್ತೀರಿ: ಈ ವಯಸ್ಸಿನಲ್ಲಿ, ಈ ಮನೆಯಲ್ಲಿ, ಗಿಟಾರ್ ಯಾಕೆ? ಮೊದಲ ಡ್ರಾಫ್ಟಿನಲ್ಲಿ ನಾನು ಆಕೆಗೆ ಕಾಲೇಜು ದಿನಗಳ ಒಂದು ಪ್ರೇಮ ಕೊಟ್ಟೆ. ಎರಡನೆಯದರಲ್ಲಿ ಪ್ರೇಮ ತೆಗೆದು, ಚಿಕ್ಕ ವಯಸ್ಸಿಗೇ ತೀರಿಹೋದ ಸಂಗೀತಪ್ರೇಮಿ ಅಣ್ಣನನ್ನು ತಂದಿಟ್ಟೆ. ಮೂರನೆಯದರಲ್ಲಿ ಅಸ್ಮಿತೆ ಎಂಬ ಶಬ್ದ ಬಂತು, ನನಗೇ ಆಕಳಿಕೆ ಬಂತು.

ಅಂಬುಜಾಕ್ಷಿ ಹಾಗಲಕಾಯಿ ಹೆಚ್ಚುತ್ತಲೇ ಮೂರನ್ನೂ ಕೇಳಿಸಿಕೊಂಡಳು.

“ಪಕ್ಕದ ಮನ್ಯಾಗ ಟಿವಿ ತೊಗೊಂಡ್ರ ಯಾರರ ಕಾರಣ ಕೇಳ್ತಾರೇನ್ರಿ? ಚಂದ ಅನಿಸ್ತು, ಬೇಕು ಅನಿಸ್ತು. ಸಾಕಲ್ಲ?”

ಕಥೆಗೆ ಸಾಕಾಗುವುದಿಲ್ಲ, ಎಂದೆ.

“ಹಂಗಾರ ಕಥೀಗೆ ಬ್ಯಾರೆ ಏನರ ಹಾಕ್ರಿ. ನಮ್ಮಣ್ಣ ನಾಸಿಕದಾಗ ಆರಾಮ ಇದ್ದಾನ. ಅವನ ಸುದ್ದಿಗೆ ಹೋಗಬ್ಯಾಡ್ರಿ.”

೫

(ನಾಲ್ಕನೆಯ ಭಾಗವನ್ನು ತೆಗೆದುಹಾಕಿದ್ದೇನೆ. ಅದರಲ್ಲಿ ಬರೀ ಸೂರ್ಯೋದಯವಿತ್ತು.)

ಚಂದ ಅನಿಸಿದ್ದು ಹೀಗೆ. ಮೇಲಿನ ಮಹಡಿಗೆ ಪ್ರತೀಕ್ಷಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ದಾವಣಗೆರೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಉದ್ಯೋಗಿ. ಒಂದು ಭಾನುವಾರ ಹಪ್ಪಳ ಒಣಗಿಸಲು ಮೇಲೆ ಹೋದ ಅಂಬುಜಾಕ್ಷಿಯ ತೊಡೆಯ ಮೇಲೆ ತನ್ನ ಗಿಟಾರನ್ನಿಟ್ಟು, “ಮೀಟಿ ನೋಡಿ ಆಂಟಿ” ಎಂದಳು. ಅಂಬುಜಾಕ್ಷಿ ಮೀಟಿದಳು. ಮರದ ಪೆಟ್ಟಿಗೆ ಹೊಟ್ಟೆಗೆ ತಾಗಿದ ಕಡೆಯೆಲ್ಲ ಝುಮ್ಮೆಂದಿತು. ಅಷ್ಟೊತ್ತಿಗೆ ಕಾಗೆ ಬಂದು ಹಪ್ಪಳ ಕಚ್ಚಿಕೊಂಡು ಹೋಯಿತು, ಆಕೆ ಏಳಲಿಲ್ಲ.

ಕಲಿಸಲು ಪ್ರತೀಕ್ಷಾ ತಯಾರಿದ್ದಾಳೆ. ಗಿಟಾರ್ ಕೊಳ್ಳುವ ವಿಷಯದಲ್ಲಿ ಆಕೆಯದು ಖಚಿತ ಅಭಿಪ್ರಾಯ:

“ಆನ್‌ಲೈನ್ ಬೇಡ ಆಂಟಿ, ಕೈಯಲ್ಲಿ ಹಿಡಿದು ನೋಡ್ಲೇಬೇಕು. ತಂತಿ ಬಹಳ ಎತ್ತರಕ್ಕಿದ್ರೆ ಒತ್ತೋಕಾಗಲ್ಲ, ಬೆರಳು ನೊಂದು ಒಂದೇ ವಾರಕ್ಕೆ ಮೂಲೆಗಿಡ್ತೀರಿ. ನೈಲಾನ್ ತಂತಿ ಮೆತ್ತಗಿರುತ್ತೆ, ಸ್ಟೀಲಿಂದು ದನಿ ಜೋರು. ಕುತ್ತಿಗೆ ಮೇಲೆ ಅಡ್ಡಪಟ್ಟಿ ಇರುತ್ತಲ್ಲ, ಅದರ ಪ್ರತಿ ಮನೇಲೂ ತಂತಿ ಒತ್ತಿ ಕೇಳಿ, ಎಲ್ಲೂ ಗರಗರ ಅನ್ನಬಾರದು. ಬಿರಡೆ ತಿರುಗಿಸಿದ್ರೆ ಶ್ರುತಿ ಅಲ್ಲೇ ನಿಲ್ಬೇಕು. ತೀರಾ ಅಗ್ಗದ್ದು ಬೇಡ, ದುಬಾರಿದೂ ಬೇಡ. ಬಣ್ಣ ನೋಡಿ ಮಾತ್ರ ಮರುಳಾಗ್ಬೇಡಿ.”

“ಬಣ್ಣಾನೂ ನೋಡ್ತೀನವ್ವಾ,” ಎಂದಳು ಅಂಬುಜಾಕ್ಷಿ.

(ಮೇಲಿನ ಪ್ಯಾರಾ ನಿಮಗೆ ಉಪಯೋಗಕ್ಕೆ ಬರಬಹುದು. ನನ್ನ ಕಥೆಗಳಿಂದ ಯಾರಿಗೂ ನಾಲ್ಕಾಣೆ ಉಪಯೋಗವಿಲ್ಲ ಎಂಬ ದೂರು ಮನೆಯಲ್ಲಿದೆ.)

೬

ಇನ್ನು ಕಥೆ ಮುಂದೆ ಹೋಗಬೇಕಲ್ಲ? ಗಿಟಾರ್ ಬಂತು.

ಭೀಮಸೇನರಾಯರು ಎಂಬ ಯಾತ್ರಿಕರು ನಂದನ ಎಂಬ ತಮ್ಮನ ಅಸ್ಥಿ ಹಿಡಿದುಕೊಂಡು ರಾಯಚೂರಿನಿಂದ ಬಂದರು. ಹೆಗಲಿಗೆ ಕಪ್ಪು ಚೀಲ, ಚೀಲದಲ್ಲಿ ತಮ್ಮನ ಗಿಟಾರ್. ಅವನಿಗೆ ಪ್ರಿಯವಾದದ್ದು ಇದೊಂದೇ ಎಂದರು.

ದಾನ ಕೊಡುವಾಗ ಎಳ್ಳುನೀರು ಬಿಡಬೇಕು. ಆಚಾರ್ಯರು ಇಷ್ಟು ವರ್ಷ ಕೊಡೆಯ ಮೇಲೆ, ಹಾಸಿಗೆಯ ಮೇಲೆ ಬಿಡಿಸಿದಂತೆ ಗಿಟಾರಿನ ಮೇಲೂ ಬಿಡಿಸಿದರು. ನಟ್ಟನಡುವೆ ತೂತಿರುವ ದಾನವಸ್ತು ಅವರಿಗೆ ಇದೇ ಮೊದಲು. ಎಳ್ಳು, ನೀರು, ಒಂದು ತುಳಸಿದಳ ಸೀದಾ ಒಳಗೆ ಹೋದವು. ನೀರು ಹೇಗೋ ಬಸಿದು ಬಂತು, ಎಳ್ಳು ಬರಲಿಲ್ಲ. ಗಿಟಾರನ್ನು ಈ ಕಡೆ ವಾಲಿಸಿದರೆ ಸರ್ರ್, ಆ ಕಡೆ ವಾಲಿಸಿದರೆ ಸರ್ರ್. “ತಮ್ಮ ಇದ್ದಿದ್ರ ಕೂಗಾಡಿಬಿಡ್ತಿದ್ದ. ಕೈ ಒದ್ದಿ ಇದ್ರ ಮುಟ್ಟಲಿಕ್ಕೂ ಬಿಡ್ತಿದ್ದಿಲ್ಲ,” ಎಂದರು ಭೀಮಸೇನರಾಯರು.

(ಈ ಎಳ್ಳಿನ ಬಗ್ಗೆ ನನಗೆ ಬಹಳ ಹೆಮ್ಮೆ. ಯಾವ ವಿಮರ್ಶಕನೂ ಇದನ್ನು ಬಿಟ್ಟು ಮುಂದೆ ಹೋಗಲಾರ.)

ಆಚಾರ್ಯರು ಮನೆಗೆ ಓಡೋಡಿ ಬಂದರು. “ಏ, ನೋಡಿಲ್ಲೆ! ಬಂತು! ನಾ ಹೇಳಿದ್ದಿಲ್ಲೇನು?”

ಅಂಬುಜಾಕ್ಷಿ ಗಿಟಾರಿನ ಕಡೆ ನೋಡಿದಳು, ಮುಟ್ಟಲಿಲ್ಲ. ಆಚಾರ್ಯರು ಅದನ್ನು ಎತ್ತಿಕೊಂಡೇ ನಿಂತಿದ್ದರು.

೭

ಆಕೆ ಅಡುಗೆಮನೆಗೆ ಹೋದವಳು ಸೀದಾ ನನ್ನ ಹತ್ತಿರ ಬಂದಳು.

“ಆ ಹುಡುಗನ ವಯಸ್ಸೆಷ್ಟು?”

ನಾನು ಅದನ್ನು ಯೋಚಿಸಿರಲಿಲ್ಲ. ಇಪ್ಪತ್ತನಾಲ್ಕು, ಎಂದೆ.

“ನನಗೊಂದು ಗಿಟಾರ್ ಕೊಡ್ಲಿಕ್ಕೆ ಇಪ್ಪತ್ನಾಕು ವರ್ಷದ ಹುಡುಗನ್ನ ಕೊಂದ್ರಿ ನೀವು?”

ಇದು ಕಥೆ, ಅವನು ನಿಜವಾಗಿ ಇರಲೇ ಇಲ್ಲ, ಎಂದೆ.

“ನಾ ಇದ್ದೇನೇನು?”

ನನಗೆ ನಾಚಿಕೆಯಾಯಿತು. ಆದರೂ ಆ ಎಳ್ಳಿನ ಪ್ರಸಂಗ ಬಿಟ್ಟುಕೊಡಲು ಮನಸ್ಸಾಗದೆ ಕೊನೆಯ ಪ್ರಯತ್ನ ಮಾಡಿದೆ: ದಾನ ಎಂದರೆ ನಿಮಗೆ ಅಸಹ್ಯವೇ?

“ಅಸಹ್ಯ ಯಾಕ್ರಿ? ಅದರ ಅನ್ನಾನೇ ಉಂಡೀನಿ. ಕೊಟ್ಟವರಿಗೆ ದಿನಾ ಕೈ ಮುಗಿತೀನಿ. ಆದ್ರ ನೋಡ್ರಿ, ಮದಿವ್ಯಾಗಿ ಬಂದಾಗಿಂದ ಒಂದು ಸಾಮಾನು ನಾ ಆರಿಸಿಲ್ಲ. ಚಪ್ಪಲಿ ನನ್ನ ಕಾಲಿಗೆ ಬರೂದಿಲ್ಲ, ನನ್ನ ಕಾಲೇ ಚಪ್ಪಲಿಗೆ ಹೋಗ್ತದ. ಹಾಸಿಗಿ ಯಾರಿಗೋ ಮೆತ್ತಗ ಬೇಕಿತ್ತು, ನಾ ಮಲಗ್ತೀನಿ. ಒಂದೇ ಒಂದು, ಇದು ಬ್ಯಾಡ ಅದು ಅಂತ ಅಂಗಡ್ಯಾಗ ನಿಂತು ಹೇಳ್ಬೇಕು ನಾ. ಅಷ್ಟ.”

ಆಚಾರ್ಯರನ್ನಾದರೂ ನೀವೇ ಆರಿಸಿದಿರಾ? ಎಂದು ಕೇಳಿದೆ, ತಮಾಷೆಗೆ.

“ಅದನ್ನ ಬರಿಬ್ಯಾಡ್ರಿ,” ಎಂದು ಬಾಯಿಗೆ ಸೆರಗು ಹಿಡಿದಳು.

ನಾನು ಆರನೆಯ ಭಾಗವನ್ನು ವಾಪಸ್ ತೆಗೆದುಕೊಂಡೆ. ನಂದನ ಸತ್ತಿಲ್ಲ. ಅಣ್ಣತಮ್ಮಂದಿರು ಸುಮ್ಮನೆ ಕಾಶಿ ನೋಡಲು ಬಂದಿದ್ದರು. ವಾಪಸ್ ಹೋಗಲು ಕಾಶಿಯ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರು, ಗಿಟಾರನ್ನು ಮೇಲಿನ ಬರ್ತಿನಲ್ಲಿಟ್ಟು ಅದರ ಪಕ್ಕ ಹುಡುಗ ಮಲಗಿದ. ಬರೆಯುವವನಿಗಿರುವ ಅನುಕೂಲ ಇದೊಂದೇ, ಅದನ್ನೂ ನಾವು ಹೆಚ್ಚಾಗಿ ಬಳಸುವುದಿಲ್ಲ.

ಆಮೇಲೆ ಖುಷಿಯಲ್ಲಿ ಹೇಳಿದೆ: ಮುಂದಿನ ಸಾಲಿನಲ್ಲೇ ನಿಮಗೊಂದು ಒಳ್ಳೆಯ ಗಿಟಾರ್ ಕೊಡಿಸುತ್ತೇನೆ. ಅಸಲಿ ಮರದ್ದು. ಬೆಲೆ ನಾನು ಬರೆದಷ್ಟೇ.

“ನೀವು ಬರದು ಕೊಟ್ರ ಅದೂ ದಾನನ ಅಲ್ಲೇನ್ರಿ? ನೀರು ಬಿಡೂದೊಂದು ಬಾಕಿ.”

೮

ಮೆಂತ್ಯದ ಹಿಟ್ಟು ಮಾಡಿ ಯಾತ್ರಿಕರಿಗೆ ಮಾರಿದ ದುಡ್ಡು ಆಕೆಯ ಹತ್ತಿರವಿತ್ತು. ನನಗೆ ಹೇಳಿದ್ದನ್ನೇ ಆಕೆ ಗಂಡನಿಗೂ ಹೇಳಿದಳು. ಆಚಾರ್ಯರು ಊಟ ಮುಗಿಸಿ ಕೈ ತೊಳೆದು ಬಂದು, “ನಾನೂ ಬರ್ತೀನಿ,” ಎಂದರು.

“ಬರ್ರಿ. ಆದ್ರ ಹೊರಗ ನಿಂದರಬೇಕು,” ಎಂದಳು. ನನ್ನ ಕಡೆ ತಿರುಗಿ, “ನೀವೂ ಅಷ್ಟ.”

ಹೀಗಾಗಿ ಕಂಟೋನ್ಮೆಂಟಿನ ಒಂದು ವಾದ್ಯದ ಅಂಗಡಿಯ ಹೊರಗೆ, ಆಟೋಗಳ ಗದ್ದಲದಲ್ಲಿ, ಶ್ರೀನಿವಾಸಾಚಾರ್ಯರು ಮತ್ತು ನಾನು ನಿಂತಿದ್ದೇವೆ. ಒಳಗೆ ಏನಾಗುತ್ತಿದೆ ಎಂದು ಕೇಳಬೇಡಿ, ನನಗೂ ಕಾಣುವುದಿಲ್ಲ. ಆಗಾಗ ಒಂದು ತಂತಿಯ ಸದ್ದು, ಸ್ವಲ್ಪ ಹೊತ್ತು ಮೌನ, ಮತ್ತೆ ಅದೇ ತಂತಿ. ಹೊತ್ತು ಹೋಗಲೆಂದು ಆಚಾರ್ಯರಿಗೆ ನನ್ನ ಬಳಿಯಿದ್ದ ಅಂತ್ಯಗಳನ್ನು ಓದಿ ಹೇಳಿದೆ.

ಅ) ಆಕೆ ಕಲಿತು ಘಾಟಿನಲ್ಲಿ ಕುಳಿತು ಬಾರಿಸುತ್ತಾಳೆ. ಯಾರೋ ವಿಡಿಯೋ ಮಾಡುತ್ತಾರೆ, ದೇಶವೆಲ್ಲ ನೋಡುತ್ತದೆ.

ಆ) ಬೆರಳು ನೋಯುತ್ತವೆ. ಗಿಟಾರ್ ಮಂಚದ ಕೆಳಗೆ ಹೋಗುತ್ತದೆ.

ಇ) ಒಂದು ದಿನ ಯಾರೂ ಇಲ್ಲದಾಗ ಆಚಾರ್ಯರೇ ಅದನ್ನು ಎತ್ತಿಕೊಂಡು...

“ಸಾಕ್ರಿ,” ಎಂದರು ಆಚಾರ್ಯರು. “ಅಕೀ ಒಳಗ ಇನ್ನೂ ನೋಡ್ಲಿಕತ್ತಾಳ. ನೀವು ಹೊರಗ ಮುಗಸ್ಲಿಕತ್ತೀರಿ.”

ನಾನು ಹಾಳೆ ಮಡಚಿದೆ.

ಒಳಗಿಂದ ಅಂಗಡಿಯವನ ದನಿ ಬಂತು. “ಮಾತಾಜಿ, ಯಹೀ ಲೇ ಲೀಜಿಯೇ. ಸೀಖನೇ ವಾಲೇ ಸಬ್ ಯಹೀ ಲೇತೇ ಹೈಂ.”

ಕಲಿಯುವವರೆಲ್ಲ ಅದನ್ನೇ ಒಯ್ಯುತ್ತಾರಂತೆ. ಆಚಾರ್ಯರು ತಡೆಯಲಾರದೆ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು. ನಾನು ಅವರ ಮೊಣಕೈ ಹಿಡಿದು ನಿಲ್ಲಿಸಿದೆ. ಈ ಕಥೆಯಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಇದಿರಬಹುದು. ನಿಮಗೂ ಇಣುಕುವ ಆಸೆಯಿದ್ದರೆ ದಯವಿಟ್ಟು ತಡೆದುಕೊಳ್ಳಿ.

“ಯೇ ನಹೀಂ,” ಎಂದಳು ಅಂಬುಜಾಕ್ಷಿ. “ವೋ ಊಪರ್ ವಾಲಾ ದಿಖಾಇಯೇ.”

ಮೇಲಿನದನ್ನು ಇಳಿಸಲು ಅಂಗಡಿಯವನು ಸ್ಟೂಲು ಎಳೆಯುವ ಸದ್ದಾಯಿತು.