ಲೇಖಕರ ಒಪ್ಪಿಗೆ

“ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಮ್ಮ, ಬೆಳಕು ಅವನ ಮುಖದ ಮೇಲೆ ಬೀಳ್ಲಿ,” ಎಂದು ಪ್ರಕಾಶಕರು ವೇದಿಕೆಯ ತುದಿಯಿಂದ ಕೈಬೀಸಿದರು. ಮಗಳು ಗಾಲಿಕುರ್ಚಿ ತಳ್ಳಿ, ಬ್ರೇಕು ಹಾಕಿ, ಪಕ್ಕದಲ್ಲಿ ಕುಳಿತು ತನ್ನ ತೋರುಬೆರಳನ್ನು ಅಪ್ಪನ ಎಡಗೈಯೊಳಗೆ ಇಟ್ಟಳು. ಸಭಾಂಗಣ ತುಂಬಿ ತುಳುಕುತ್ತಿತ್ತು. ಅಪ್ಪನ ಏಳು ಕಾದಂಬರಿಗಳ ನಾಯಕಿ ನೆರಳುಗಿತ್ತಿ, ಜನರ ನೆರಳು ಕೊಂಡು ನೀರಡಿಯ ಊರಿಗೆ ಸಾಗಿಸುವವಳು. ಅಪ್ಪನ ಹುಟ್ಟುಹಬ್ಬಕ್ಕೆಂದು ಒಂದು ಸಾಲು ತುಂಬ ವೇಷ ಹಾಕಿದ ನೆರಳುಗಿತ್ತಿಯರು ಕಪ್ಪು ಬಟ್ಟೆ ಹೊದ್ದು ಬಂದು ಬೆವರುತ್ತಿದ್ದರು. ಒಬ್ಬಳಿಗಂತೂ ಮೀಸೆಯೂ ಇತ್ತು.

ಎಂಟನೆಯ ಪುಸ್ತಕ ಅರ್ಧವಾಗಿದ್ದಾಗ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ಬಲಗೈ ಹೋಯಿತು. ಉತ್ತರ ಕೊಡಲು ಉಳಿದದ್ದು ತಲೆಯಾಡಿಸುವುದೊಂದೇ, ಅದೂ ಅವರ ಹಿಡಿತದಲ್ಲಿರಲಿಲ್ಲ. ಏನು ಕೇಳಿದರೂ ತಲೆ ಹೌದೆನ್ನುತ್ತಿತ್ತು. ಹಾಲು ಬೇಕಾ ಎಂದರೆ ಹೌದು. ಕುಡಿಸಿದರೆ ಥೂ ಎಂದು ಉಗುಳುತ್ತಿದ್ದರು. ತಿಂಗಳುಗಟ್ಟಲೆ ಹೆಣಗಾಡಿ ಮಗಳು ಒಂದು ಸಂಗತಿ ಕಂಡುಕೊಂಡಳು. ತಲೆ ಸುಳ್ಳು ಹೇಳುತ್ತದೆ, ಎಡಗೈ ನಿಜ ಹೇಳುತ್ತದೆ. ಬೇಡವಾದರೆ ಅವಳ ಬೆರಳನ್ನು ಬಿಗಿಯಾಗಿ ಹಿಡಿಯುತ್ತಿದ್ದರು, ಒಪ್ಪಿಗೆಯಾದರೆ ಕೈ ಸಡಿಲವಾಗಿಯೇ ಇರುತ್ತಿತ್ತು.

ಎಂಟನೆಯದನ್ನು ಬೇರೆಯವರು ಮುಗಿಸಬಹುದೇ ಎಂದು ಅವಳು ಮನೆಯಲ್ಲಿ ಕೇಳಿದಾಗ ಅವಳ ಬೆರಳಿನ ಗೆಣ್ಣು ಲಟಕ್ಕೆಂದಿತ್ತು. ಕೂಡಲೇ ಪ್ರಕಾಶಕರಿಗೆ ಫೋನು ಮಾಡಿದ್ದಳು. ಅವರು ಕೆಟ್ಟವರಲ್ಲ, ಅಪ್ಪನ ಹಳೆಯ ಗೆಳೆಯರು, ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಕಾದು ಕೂತವರು. “ಬೆರಳಲ್ಲಿ ಮಾತಾಡ್ತಾನಾ? ನೀನೂ ಕಥೆಗಾರನ ಮಗಳೇ ಬಿಡು,” ಎಂದು ನಕ್ಕಿದ್ದರು. “ನಾನೇ ಕೇಳ್ತೀನಿ, ಎಲ್ಲರ ಎದುರಿಗೇ. ಅವನು ಬೇಡ ಅಂದ್ರೆ ಅಲ್ಲಿಗೇ ಬಿಟ್ಬಿಡ್ತೀನಿ.”

ಭಾಷಣಗಳಾದವು. ಈ ಪುಸ್ತಕಗಳಿಲ್ಲದಿದ್ದರೆ ತಾನು ಬದುಕಿಯೇ ಇರುತ್ತಿರಲಿಲ್ಲ ಎಂದು ಒಬ್ಬ ನರ್ಸು ಬಿಕ್ಕಿದಳು. ಕೊನೆಗೆ ಪ್ರಕಾಶಕರು ಯುವ ಲೇಖಕನೊಬ್ಬನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

“ನಿನ್ನ ನೆರಳುಗಿತ್ತಿ ನಡುನೀರಲ್ಲಿ ನಿಂತಿದಾಳೆ ಕಣೋ. ಇವರು ಅವಳನ್ನ ದಡ ಸೇರಿಸ್ತಾರೆ. ಒಪ್ಪಿಗೇನಾ?”

ಅಪ್ಪ ಹಿಡಿದ ಹಿಡಿತಕ್ಕೆ ಮಗಳ ಕಣ್ಣಲ್ಲಿ ನೀರು ಬಂತು. ತಲೆ ಮಾತ್ರ ಹೌದು ಹೌದು ಎಂದು ಆಡಿತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು.

“ಅಂಕಲ್, ಬೇಡ ಅಂತಿದಾರೆ! ಕೈ ನೋಡಿ, ಕೈ!” ಎಂದು ಅವಳು ಕೂಗಿದಳು.

ಚಪ್ಪಾಳೆ ನಿಂತಿತು. ಪ್ರಕಾಶಕರು ಬಗ್ಗಿ, ಮೈಕು ಹಿಡಿದುಕೊಂಡೇ ಕೇಳಿದರು, “ಬೇಡ್ವೇನೋ?”

ತಲೆ ಹೌದೆಂದಿತು.

“ಹಾಗಾದ್ರೆ... ಬೇಕಾ?”

ತಲೆ ಅದಕ್ಕೂ ಹೌದೆಂದಿತು. ಪ್ರಕಾಶಕರ ಮುಖ ಕ್ಷಣಕಾಲ ಬಿಳಿಚಿಕೊಂಡಿತು. ಅವರಿಗೆ ಅರ್ಥವಾಯಿತೆಂದು ಮಗಳಿಗೆ ಖಂಡಿತ ಗೊತ್ತಾಯಿತು. ಅವರು ಅವಳ ಬೆರಳನ್ನೂ ನೋಡಿದರು, ತುಂಬಿದ ಸಭಾಂಗಣವನ್ನೂ ನೋಡಿದರು. ಆಮೇಲೆ ನೆಟ್ಟಗೆ ನಿಂತು, “ನೋಡಿದ್ರಾ! ಓದುಗರನ್ನ ಆಟ ಆಡಿಸೋ ಬುದ್ಧಿ ಇನ್ನೂ ಹೋಗಿಲ್ಲ ಇವನಿಗೆ!” ಎಂದರು. ಜನ ಪ್ರೀತಿಯಿಂದ ನಕ್ಕರು, ಕೆಲವರು ನಗುತ್ತಲೇ ಅತ್ತರು. ಮಗಳ ಮೈಯೆಲ್ಲ ಉರಿಯಿತು. ಇಷ್ಟೊಂದು ಪ್ರೀತಿಯ ಎದುರು ಯಾರ ಹತ್ತಿರ ಜಗಳವಾಡುವುದು?

ಕಾರ್ಯಕ್ರಮ ಮುಗಿದ ಮೇಲೆ ಓದುಗರು ಸಾಲುಗಟ್ಟಿದರು. “ಕೊನೇಲಿ ಅವಳು ಬದುಕ್ತಾಳೆ ಅಲ್ವಾ ಸರ್?” ಎಂದು ಒಬ್ಬ ಅಜ್ಜಿ ಕೇಳಿದರು. ತಲೆ ಹೌದೆಂದಿತು. ಅಜ್ಜಿ ಕಣ್ಣೊರೆಸಿಕೊಂಡು ಹೋದರು. “ಸತ್ತೇ ಹೋಗ್ತಾಳೆ ತಾನೇ ಸರ್?” ಎಂದ ಹಿಂದಿದ್ದವನು. ಅದಕ್ಕೂ ಹೌದು. “ನಾನು ಆಗ್ಲೇ ಹೇಳಿರ್ಲಿಲ್ವಾ!” ಎಂದು ಹೆಂಡತಿಯ ಭುಜ ತಟ್ಟಿ ಅವನೂ ಹೊರಟ.

ಮಗಳು ಅಪ್ಪನ ಕಿವಿಯ ಹತ್ತಿರ ಬಗ್ಗಿದಳು. “ಅಪ್ಪಾ, ಎಂಟನೇದನ್ನ ಆ ಲೇಖಕರೇ ಬರೀಲಾ?”

ಕೈ ಬಿಗಿಯಲಿಲ್ಲ. ಅವಳು ಇನ್ನೊಮ್ಮೆ ಕೇಳಿ, ಬೆರಳನ್ನು ಅವರ ಅಂಗೈಗೆ ಒತ್ತಿದಳು. ಸಾಲಿನಲ್ಲಿದ್ದ ಮುಂದಿನವರು ಆಗಲೇ ಏನೋ ಕೇಳುತ್ತಿದ್ದರು, ತಲೆ ಆಡುತ್ತಿತ್ತು. ತೆರೆದ ಅಂಗೈಯಲ್ಲಿ ಅವಳ ಬೆರಳು ಸುಮ್ಮನೆ ಬಿದ್ದುಕೊಂಡಿತ್ತು.